ಕಲ್ಯಾಣದಿಂದ ತಂದ ಒಂದು ನಿಮಿಷ

ಬಸವಕಲ್ಯಾಣದ ಕೋಟೆ ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ಅದು ನೆಪ. ಗೆಳತಿ ಸುವರ್ಣಾಳನ್ನು ಗುಲ್ಬರ್ಗಕ್ಕೆ ವಾಪಸು ಕರೆತರುವುದಕ್ಕೆಂದೇ ನಾನು ಹೊರಟಿದ್ದು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಾವಿಬ್ಬರು ಜೋಡಿ. ವಿಷಯ ಯಾವುದೇ ಇರಲಿ, ಪರವಾಗಿ ಅವಳು, ವಿರೋಧವಾಗಿ ನಾನು. ವೇದಿಕೆಯಲ್ಲಿ ಶುರುವಾದದ್ದು ಬಸ್ಸಿನಲ್ಲಿ, ಹಾಸ್ಟೆಲಿನ ಊಟದ ಸಾಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೂ ಮುಂದುವರಿಯುತ್ತಿತ್ತು. ಓದು ಮುಗಿದ ಮೇಲೆ ನಾನು ಗುಲ್ಬರ್ಗದಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ, ಅವಳು ಬಸವಕಲ್ಯಾಣದ ಒಂದು ಹೈಸ್ಕೂಲಿಗೆ ಹೋದಳು. ಈಗ ನಮ್ಮ ಕಾಲೇಜಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ನಾನು ಅವಳ ಹೆಸರು ಹೇಳಿದೆ. "ಸೋಮವಾರದೊಳಗ ಹೂಂ ಅಂತಾರೋ ಇಲ್ಲೋ ತಿಳಸ್ರಿ," ಎಂದಿದ್ದರು ಪ್ರಾಚಾರ್ಯರು. ಇಂಥ ಮಾತನ್ನು ಎಸ್‌ಟಿಡಿ ಬೂತಿನಲ್ಲಿ ನಿಂತು ಹೇಳಿದರೆ ಅವಳು ಸುಲಭವಾಗಿ ಜಾರಿಕೊಳ್ಳುತ್ತಾಳೆ. ಎದುರಿಗೆ ಕೂತು ವಾದಿಸಬೇಕು ಎಂದು, ಬರುತ್ತೇನೆಂದಷ್ಟೇ ಫೋನಿನಲ್ಲಿ ತಿಳಿಸಿ, ಶುಕ್ರವಾರ ಮಧ್ಯಾಹ್ನದ ಬಸ್ಸು ಹಿಡಿದೆ.

ಹುಮನಾಬಾದಿಗೆ ಟಿಕೆಟ್ ಇಪ್ಪತ್ತೆಂಟು ರೂಪಾಯಿ. ಚಳಿಗಾಲದ ಬಿಸಿಲು ಹಿತವಾಗಿತ್ತು, ಕಿಟಕಿಯ ಗಾಳಿ ಮಾತ್ರ ಕಿವಿ ಕೊರೆಯುತ್ತಿತ್ತು. ಎರಡೂ ಕಡೆ ಒಣಗಿದ ತೊಗರಿ, ಅಲ್ಲಲ್ಲಿ ರಾಶಿ ಮಾಡುವವರ ಧೂಳು. ಕಮಲಾಪುರದಲ್ಲಿ ಬಸ್ಸು ನಿಂತಾಗ ಸುವರ್ಣಾಗೆಂದು ಕೆಂಪು ಬಾಳೆಹಣ್ಣು ಕೊಂಡೆ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಹಣ್ಣನ್ನು ಅಲ್ಲಿಟ್ಟು ಅವಳೊಡನೆ ಮನಸ್ಸಿನಲ್ಲೇ ವಾದ ಶುರುಮಾಡಿದೆ.

ವಾದಿಸಲು ವಿಷಯವೇನೋ ಇತ್ತು. ಅವಳು ಯಾವುದೋ ತರಬೇತಿಗೆ ಹೋಗಿ ಬಂದು 'ಡಿಸೈನ್ ಥಿಂಕಿಂಗ್' ಎಂಬ ಹೊಸ ಮಾತು ಹಿಡಿದಿದ್ದಳು. ಮಕ್ಕಳು ಒಬ್ಬರನ್ನು ಆರಿಸಿಕೊಂಡು ಅವರ ತೊಂದರೆ ಏನೆಂದು ಕೇಳಬೇಕು, ಅದಕ್ಕೊಂದು ವಸ್ತು ಮಾಡಿ ಕೊಡಬೇಕು, ಕೆಟ್ಟರೆ ಮತ್ತೆ ಮಾಡಬೇಕು. ಶಾಲೆಗೆ ಬಂದ ಕಂಪ್ಯೂಟರುಗಳನ್ನೂ ಇದಕ್ಕೇ ಬಳಸುತ್ತಿದ್ದಾಳಂತೆ. ನಾನು ಕಮಲಾಪುರ ದಾಟುವಷ್ಟರಲ್ಲಿ ಮೊದಲ ಏಟು ಸಿದ್ಧ ಮಾಡಿದ್ದೆ: ಕಂಪ್ಯೂಟರಿನ ಮುಂದೆ ಕೂತರೆ ಸೃಜನಶೀಲತೆ ಬರುವುದಾದರೆ ಬ್ಯಾಂಕಿನ ಗುಮಾಸ್ತರೆಲ್ಲ ಕವಿಗಳಾಗಬೇಕಿತ್ತು. ಖಾಲಿ ಸೀಟು ಏನೂ ಹೇಳಲಿಲ್ಲ. ಹುಮನಾಬಾದಿನವರೆಗೆ ಎಲ್ಲ ಸುತ್ತೂ ನಾನೇ ಗೆದ್ದೆ.

ಕಾರ್ಖಾನೆಗಳ ಔಷಧಿ ವಾಸನೆ ಬಸ್ಸಿನೊಳಗೆ ಬಂದಾಗಲೇ ಹುಮನಾಬಾದು ಬಂತೆಂದು ತಿಳಿಯಿತು. ಹೆದ್ದಾರಿಯಲ್ಲಿ ಸೋಲಾಪುರದ ಕಡೆಯ ಲಾರಿಗಳು, ಅಡತಿ ಅಂಗಡಿಗಳಿಗೆ ಹೊರಟ ತೊಗರಿ ಚೀಲಗಳ ಟ್ರ್ಯಾಕ್ಟರುಗಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆಯ ಸುಸಲಾ, ಎರಡು ಮಿರ್ಚಿ ತಿಂದು ಚಾ ಕುಡಿದೆ. ಹೊರಗೆ ಬಂದು ಕಲ್ಯಾಣದ ಬಸ್ಸು ಹುಡುಕುತ್ತಿದ್ದಾಗ, ಗಂಟು ಹೊತ್ತಿದ್ದ ಮುದುಕಿಯೊಬ್ಬಳು ಕೇಳಿದಳು.

"ಎಲ್ಲಿಗ್ಹೋಗಾಕಿ ಯವ್ವಾ?"

"ಕಲ್ಯಾಣಕ್ಕಮ್ಮಾ."

"ಮತ್ತ ಇಲ್ಲೇನ್ ನೋಡಾಕತ್ತಿ? ದರವಾಜಾ ಇರೋ ಬಸ್ಸು ಅಲ್ಲಿ ಅದ ನೋಡು."

ನೋಡಿದರೆ ಬಸ್ಸಿನ ಮುಂದಿನ ಗಾಜಿನ ಒಳಗೆ ಒಂದು ಕಾಗದ ಅಂಟಿಸಿದ್ದರು. ಅದರಲ್ಲಿ ಕೋಟೆಯ ಬಾಗಿಲಿನ ಚಿತ್ರ, ಕಂಪ್ಯೂಟರಿನಲ್ಲಿ ಬರೆದದ್ದು, ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲು. ಪಕ್ಕದಲ್ಲಿ ಆಗಷ್ಟೇ ಬಂದು ನಿಂತ ಇನ್ನೊಂದು ಬಸ್ಸಿನಲ್ಲಿ ಹೊಗೆ ಬಿಡುವ ಕಾರ್ಖಾನೆ ಚಿಮಣಿ.

"ಮ್ಯಾಲ ಬೋರ್ಡಿನ್ಯಾಗ ಊರ ಹೆಸರು ಬರದಾರಲ್ಲಮ್ಮಾ, ಚಿತ್ರ ಯಾಕ ಬೇಕು?" ಎಂದೆ. ಚಟ.

"ನೀ ಓದಕೋತ ನಿಂದ್ರು. ನಾ ಹೋಗಿ ಸೀಟ್ ಹಿಡೀತೀನಿ," ಎಂದು ಮುದುಕಿ ಹತ್ತಿಯೇಬಿಟ್ಟಳು. ನನಗೆ ರಾಜೇಶ್ವರದವರೆಗೆ ನಿಂತು ಹೋಗುವ ಯೋಗ. ಅಲ್ಲಿ ಒಂದಷ್ಟು ಜನ ಇಳಿದು ಸೀಟು ಸಿಕ್ಕಿತು. ಬಂಗ್ಲಾ ಎಂಬ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗುವಾಗ ಹೊತ್ತು ಇಳಿದಿತ್ತು.

ಸ್ಟ್ಯಾಂಡಿನಲ್ಲಿ ಸುವರ್ಣಾ ನಿಂತಿದ್ದಳು. ಸ್ವಲ್ಪ ಕಪ್ಪಾಗಿದ್ದಳು. ಬೆರಳ ತುದಿಗೆಲ್ಲ ಅಂಟು ಒಣಗಿತ್ತು.

"ಬಂತೇನ್ ವಿರೋಧ ಪಕ್ಷ?"

"ಬಂತು. ಬಾಳೆಹಣ್ಣು ತಂದದ."

"ಎಲ್ಲಾ ಜಜ್ಜಿ ತಂದಿದಿ! ಇವಕ್ಕ ಯಾರ ಜೋಡಿ ಜಗಳಾ ಹಚ್ಚಿದ್ದಿ?"

ಅವಳ ಬಾಡಿಗೆ ಖೋಲಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊಟ ಮಾಡುತ್ತ ಕೆಲಸದ ಸುದ್ದಿ ಹೇಳಿದೆ. ಪಗಾರ, ಗ್ರಂಥಾಲಯ, ಇಬ್ಬರೂ ಸೇರಿ ಹಿಡಿಯಬಹುದಾದ ಮನೆ, ಹೀಗೆ ಒಂದರ ಮೇಲೊಂದು ಇಟ್ಟೆ. ಅವಳು ರೊಟ್ಟಿ ಮುರಿಯುತ್ತ ಎಲ್ಲ ಕೇಳಿದಳು. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಹಿಂದೆ ಹೀಗಿರಲಿಲ್ಲ.

"ನಾಳಿ ಮುಂಜಾನಿ ಶಾಲಿಗಿ ಬಾ. ಆಮ್ಯಾಲ ಹೇಳ್ತೀನಿ."

ಶನಿವಾರ ಅರ್ಧ ದಿನದ ಶಾಲೆ. ಕಂಪ್ಯೂಟರಿನ ಖೋಲಿಯ ಹೊರಗೆ ಚಪ್ಪಲಿ ಬಿಟ್ಟೆವು. ಒಳಗೆ ನಾಲ್ಕು ಕಂಪ್ಯೂಟರು, ಹಳೆ ಸೀರೆಯಲ್ಲಿ ಹೊಲಿದ ಹೊದಿಕೆ, ಮೂಲೆಯಲ್ಲಿ ರಟ್ಟಿನ ಡಬ್ಬಿಗಳ ಗುಡ್ಡೆ. ಎಂಟನೇ ತರಗತಿಯ ಮಕ್ಕಳು ನೆಲದ ಮೇಲೆ ಕೂತಿದ್ದರು. ಗೋಡೆಗೆ ಅದೇ ಕೋಟೆ ಬಾಗಿಲು, ಅದೇ ಚಿಮಣಿ!

"ಇವು ಬಸ್ಸಿನ್ಯಾಗ ನೋಡಿದ್ನಲ್ಲ?"

"ನಮ್ಮಜ್ಜಿಗಿ ಬೋರ್ಡ್ ಓದಾಕ ಬರಂಗಿಲ್ರಿ," ಎಂದಳು ಎರಡು ಜಡೆಯ ಹುಡುಗಿ. ಹೆಸರು ಅಂಬಿಕಾ. "ಮೊದ್ಲ ಹುಮನಾಬಾದಿಗಿ ತೊಗರಿ ಚೀಲ ಬರದಿದ್ವಿ. ಅಜ್ಜಿ ಅದನ್ನ ದಿಂಬು ಅಂದ್ಲು. ಮತ್ತ ಚಿಮಣಿ ಮಾಡಿದ್ವಿ. ಕಂಡಕ್ಟರ್ ಮಾಮಾ ಹಚ್ಚಾಕ ಒಪ್ಪಲಿಲ್ಲ. ಅಜ್ಜಿನೇ ಬಂದು ಬೈದ ಮ್ಯಾಲ ಹಚ್ಚಿದ್ರು."

ಸುವರ್ಣಾ ನನ್ನನ್ನು ನಡುವೆ ಒಂದು ಕುರ್ಚಿ ಹಾಕಿ ಕೂರಿಸಿದಳು. "ಇವತ್ತು ಇವ್ರು. ಇವ್ರಿಗಿ ಏನ್ ಬೇಕು ಅಂತ ಕೇಳ್ರಿ. ಕೇಳೋದು ಮುಗಿಯೋ ತನಕ ಈ ಖೋಲಿಯಾಗ ಯಾರೂ 'ಆದ್ರ' ಅನ್ನಂಗಿಲ್ಲ."

"ಹಂಗಾದ್ರ ನಾ ಹೊರಗೇ ನಿಂದ್ರತೀನಿ," ಎಂದೆ. ಮಕ್ಕಳು ನಕ್ಕರು.

"ನಿಮಗೇನ್ ತ್ರಾಸ್ ಅದ್ರಿ ಅಕ್ಕಾ?" ಅಂಬಿಕಾ ಶುರುಮಾಡಿದಳು.

"ಬಸ್ಸಿನ್ಯಾಗ ಧೂಳು."

"ಅದು ಎಲ್ಲಾರಿಗೂ ಅದ್ರಿ. ನಿಮ್ದೇ ಹೇಳ್ರಿ. ಬಸ್ಸಿನ್ಯಾಗ ಏನ್ ಮಾಡಕೋತ ಬಂದ್ರಿ?"

"ವಾದ ಮಾಡಕೋತ ಬಂದೆ. ಮನಸ್ಸಿನ್ಯಾಗ."

"ಯಾರ ಜೋಡಿ?"

"ನಿಮ್ಮ ಟೀಚರ್ ಜೋಡಿ."

"ಯಾರ್ ಗೆದ್ರು?"

"ನಾನೇ."

"ಟೀಚರ್ ಇಲ್ಲದಾಗ ಗೆದ್ರ ಮಜಾ ಬರ್ತದೇನ್ರಿ?"

ಬಾಯಿಗೆ 'ಆದ್ರ' ಬಂತು. ನುಂಗಿದೆ. ಸುವರ್ಣಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

"ಇಲ್ಲ," ಎಂದೆ. "ಬರಂಗಿಲ್ಲ."

ಅಷ್ಟು ಸಾಕಾಯಿತು ಅವರಿಗೆ. ನಮ್ಮಿಬ್ಬರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡರು.

ಪಡಸಾಲೆಯಲ್ಲಿ ನಿಂತಾಗ, ಇದೇ ಸಮಯವೆಂದು ನಾನು ಮತ್ತೆ ಶುರುಮಾಡಿದೆ. "ಚಂದ ಅದ, ಒಪ್ಪತೀನಿ. ಆದ್ರ ಇವ್ರ ಪರೀಕ್ಷಾದಾಗ ಅಜ್ಜಿ ಬರ್ತಾಳೇನು? ನೀ ಇಲ್ಲಿಂದ ವರ್ಗಾ ಆದ್ರ ಇದೆಲ್ಲ ಉಳೀತದೇನು?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದು ಜವಾಬ್ ಅಲ್ಲ ಸುವರ್ಣಾ."

"ಗೀತಾ, ಸ್ಪರ್ಧಾದಾಗ ಗಂಟಿ ಬಾರಿಸೋ ತನಕ ಗೊತ್ತಿರೋ ಹಂಗ ಮಾತಾಡಿ ಮಾತಾಡಿ ನಂಗ ಸಾಕಾಗ್ಯಾದ." ನನ್ನ ಕುಪ್ಪಸದ ತೋಳಿಗೆ ಅಂಟಿದ್ದ ತೊಗರಿ ಹೊಟ್ಟನ್ನು ತೆಗೆದಳು. "ನಿನ್ನ ಬಿಟ್ಟು ಚೊಲೋ ಅನಸ್ತದ ಅಂತ ತಿಳಕೋಬ್ಯಾಡ."

ಅಷ್ಟರಲ್ಲಿ ಬಾಗಿಲು ತೆರೆಯಿತು.

ಮಕ್ಕಳು ಒಂದು ಚಪ್ಪಲಿ ಡಬ್ಬಿಗೆ ಕಣ್ಣು ಮೂಗು ಬರೆದು, ಬಾಯಿಯ ಜಾಗದಲ್ಲಿ ತೂತು ಕೊರೆದಿದ್ದರು. ನಾನು ಏನಾದರೂ ಹೇಳಿ ಬಾಯಿಯಿಂದ ಒಂದು ಚೀಟಿ ಎಳೆಯಬೇಕು, ಅದೇ ಎದುರಾಳಿಯ ಉತ್ತರ.

"ಇವತ್ತು ಭಾಳ ಥಂಡಿ ಅದ," ಎಂದು ಎಳೆದೆ. 'ಸಾಕ್ಷಿ ಏನದ?' ಎಂದಿತ್ತು.

"ನನ್ನ ಕೈ ಮುಟ್ಟಿ ನೋಡು," ಎಂದು ಮತ್ತೆ ಎಳೆದೆ. 'ಅದು ನಿಮ್ಮ ವಿಚಾರ.'

ನಗು ತಡೆಯಲಾಗಲಿಲ್ಲ. ನನ್ನ ಚರ್ಚಾಜೀವನದ ಅರ್ಧ ಆ ಡಬ್ಬಿಯಲ್ಲಿತ್ತು. ಆದರೆ ಮೂರನೆಯ ಮಾತಿಗೂ 'ಸಾಕ್ಷಿ ಏನದ?' ಎಂದೇ ಬಂತು. "ಇದು ಸೋತದ ನೋಡ್ರಿ," ಎಂದೆ.

"ಯಾಕ ಸೋತದ್ರಿ?" ಅಂಬಿಕಾಳ ಮುಖದಲ್ಲಿ ಬೇಸರವೇನೂ ಇರಲಿಲ್ಲ.

"ನಾ ಹೇಳಿದ್ದು ಇದಕ್ಕ ಕೇಳಸಂಗಿಲ್ಲ."

ಮಕ್ಕಳು ಗುಸುಗುಸು ಮಾತಾಡಿಕೊಂಡರು. ಅಷ್ಟರಲ್ಲಿ ಬೆಳಗಿನಿಂದ ಇಲ್ಲದಿದ್ದ ಕರೆಂಟು ಬಂತು, ಸೀರೆಯ ಹೊದಿಕೆಗಳು ಮೇಲೆದ್ದವು. ಈ ಸಲ ನನ್ನೊಬ್ಬಳನ್ನೇ ಹೊರಗೆ ಹಾಕಿದರು, ಸುವರ್ಣಾಳನ್ನು ಒಳಗೆ ಎಳೆದುಕೊಂಡರು. ಕಿಟಕಿಯಿಂದ ನಗು ಕೇಳಿತು, "ಸುಮ್ಕಿರ್ರೋ" ಎಂಬ ಕೂಗು ಕೇಳಿತು, ಆಮೇಲೆ ಯಾವ ಸದ್ದೂ ಇಲ್ಲ. ನಾನು ಮುಚ್ಚಿದ ಬಾಗಿಲ ಮುಂದೆ, ಬಿಟ್ಟ ಚಪ್ಪಲಿಗಳ ನಡುವೆ ಅವಳವು ಯಾವುವೆಂದು ಹುಡುಕುತ್ತ ನಿಂತಿದ್ದೆ.

ಹೊರಗೆ ಬಂದಾಗ ಅಂಬಿಕಾಳ ಕೈಯಲ್ಲಿ ಒಂದು ಕಪ್ಪು ಫ್ಲಾಪಿ. ಕಂಪ್ಯೂಟರಿನ ರೆಕಾರ್ಡರು ಒಂದು ನಿಮಿಷಕ್ಕೆ ತಾನೇ ನಿಂತುಬಿಡುತ್ತದಂತೆ, ಫ್ಲಾಪಿಯಲ್ಲೂ ಹಿಡಿಯುವುದು ಅಷ್ಟೇ ದನಿ.

"ಟೀಚರ್ ಒಂದ್ ನಿಮಿಷ ಮಾತಾಡ್ಯಾರ. ನೀವು ಊರಾಗ ಕೇಳಿ, ಇದರಾಗೇ ಒಂದ್ ನಿಮಿಷ ಜವಾಬ್ ತುಂಬಿ ಕಂಡಕ್ಟರ್ ಮಾಮಾನ ಕೈಯಾಗ ಕಳಸ್ರಿ. ಟೀಚರ್ ಮತ್ತ ಕಳಸ್ತಾರ."

"ಹಿಂಗಾದ್ರ ಒಂದ್ ವಾದ ಮುಗಿಯಾಕ ವರ್ಷ ಹಿಡೀತದಲ್ಲ!"

"ಹಿಡೀಲಿ ಬಿಡ್ರಿ. ಜಲ್ದಿ ಮುಗಿಸಿ ಏನ್ ಮಾಡ್ತೀರಿ?"

ಮಧ್ಯಾಹ್ನ ಸ್ಟ್ಯಾಂಡಿನವರೆಗೆ ಸುವರ್ಣಾ ಬಂದಳು. "ನಿನ್ನ ಜವಾಬು?" ಎಂದು ಕೇಳಿದೆ. ನನ್ನ ಕೈಯ ಫ್ಲಾಪಿಯ ಕಡೆ ಕಣ್ಣು ಮಾಡಿದಳು. "ಸ್ಪೀಕರ್ ಹತ್ರ ಇಡಬ್ಯಾಡ, ಅದರ ಅಯಸ್ಕಾಂತಕ್ಕ ಅಳಸಿ ಹೋಗ್ತದ." ಹುಮನಾಬಾದಿನ ಬಸ್ಸಿನಲ್ಲಿ ಡ್ರೈವರನ ತಲೆಯ ಮೇಲೆ ಟೇಪಿನ ಸ್ಪೀಕರು ಹಾಡುತ್ತಿತ್ತು. ಮುಂದೆ ಸೀಟಿದ್ದರೂ ಹಿಂದಿನ ಸಾಲಿಗೆ ಹೋಗಿ ಕೂತೆ. ರಸ್ತೆಯ ಪ್ರತಿ ಕುಣಿಗೂ ಮೈ ಎಗರುತ್ತಿತ್ತು. ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದಿದ್ದೆ. ಗುಲ್ಬರ್ಗದವರೆಗೆ ಒಂದು ವಾದವನ್ನೂ ಹೂಡಲಿಲ್ಲ.

ಸೋಮವಾರ ಕಾಲೇಜಿನ ಆಫೀಸಿನ ಕಂಪ್ಯೂಟರಿನಲ್ಲಿ ಹಾಕಿದೆ. ಮೊದಲು ಖರಖರ ಸದ್ದು, ಆಮೇಲೆ ವೇದಿಕೆಯ ಅವಳ ಹಳೆಯ ದನಿ.

"ಅಧ್ಯಕ್ಷರೇ, ನಿರ್ಣಾಯಕರೇ, ನನ್ನ ಎದುರಾಳಿ ಗೀತಾ. ಈ ಸಲ ವಿರೋಧ ನಂದು. ನಾ ಬರಂಗಿಲ್ಲ. ಅಲ್ಲಿ ಪಾಠದಾಗ ಮುಂದ ಏನ್ ಬರ್ತದ ಅಂತ ನಂಗ ಗೊತ್ತದ. ಇಲ್ಲಿ ನಾಳಿ ಅಂಬಿಕಾ ಏನ್ ಕೇಳ್ತಾಳ ಗೊತ್ತಿಲ್ಲ, ಅದಕ್ಕ ಮುಂಜಾನಿ ಜಲ್ದಿ ಏಳ್ತೀನಿ. ಆದ್ರ..." ಇಲ್ಲಿ ಮಕ್ಕಳು ಹೋ ಎಂದು ಕೂಗಿದರು, ಅವಳೂ ನಕ್ಕಳು. "ಆದ್ರ, ಬಸ್ ಹತ್ತಿದ್ರ ಈಗೂ ಎರಡು ಸೀಟ್ ಹುಡುಕ್ತೀನಿ."

ಅವಳ ಮಾತು ಅಲ್ಲಿಗೆ ಮುಗಿಯಿತು. ನಿಮಿಷ ಇನ್ನೂ ಉಳಿದಿತ್ತು. ಫ್ಯಾನಿನ ಸದ್ದು, ಯಾರೋ ಕೆಮ್ಮಿದ್ದು, ಕೊನೆಗೆ ಮೈಕಿಗೆ ತೀರ ಹತ್ತಿರ ಅಂಬಿಕಾಳ ಪಿಸುಮಾತು: "ಈಗ ನೀವ್ರಿ."

ಪ್ರಾಚಾರ್ಯರಿಗೆ ಇಲ್ಲವೆಂದು ತಿಳಿಸಿದೆ. ಸಂಜೆ ಅಂಗಡಿಗೆ ಹೋಗಿ ಹೊಸ ಫ್ಲಾಪಿ ಕೊಂಡೆ. ನನ್ನ ಜವಾಬಿನ ಮೊದಲ ಮಾತು ಮಕ್ಕಳಿಗೇ ಇತ್ತು: "ನಿಮ್ಮ ಡಿಸೈನಿನ್ಯಾಗ ಒಂದು ತಪ್ಪದ. ಇದರಾಗೇ ಜವಾಬ್ ತುಂಬಬೇಕಂದ್ರ ನಿಮ್ಮ ಟೀಚರ್ ದನಿ ಅಳಸಬೇಕು. ಅದು ನನ್ನಿಂದ ಆಗಂಗಿಲ್ಲ." ಉಳಿದ ಹೊತ್ತಿನಲ್ಲಿ ಸುವರ್ಣಾಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ.

ಮರುದಿನ ಸ್ಟ್ಯಾಂಡಿನಲ್ಲಿ ಬೋರ್ಡುಗಳನ್ನು ಓದದೆ ಗಾಜುಗಳನ್ನೇ ನೋಡುತ್ತ ನಡೆದೆ. ಮುಂಜಾನೆ ಒಂದೇ ಇರುವ ನೇರ ಬಸ್ಸಿನಲ್ಲಿ ಕಲ್ಯಾಣದ ದರವಾಜಾ ಸಿಕ್ಕಿತು. ಕಂಡಕ್ಟರು ಪೊಟ್ಟಣವನ್ನು ತಿರುಗಿಸಿ ನೋಡಿ, "ಏನದರಿ ಇದ್ರಾಗ?" ಎಂದು ಕೇಳಿದ.

"ಜಗಳಾ."

"ಹಂಗಾದ್ರ ಹಗೂರ ಹಿಡೀಬೇಕು," ಎಂದು ಅಂಗಿಯ ಕಿಸೆಗೆ ಇಳಿಸಿದ. ಬಸ್ಸು ಹಿಂದಕ್ಕೆ ಸರಿಯಿತು. ದರವಾಜಾ ಸ್ವಲ್ಪ ದೂರದವರೆಗೆ ನನ್ನ ಕಡೆಗೇ ಮುಖ ಮಾಡಿಕೊಂಡು ಹೋಯಿತು, ಆಮೇಲೆ ತಿರುಗಿತು.