ಶೇಷಮ್ಮನ ಬದನೆಯಲ್ಲಿ ಹುಳು ಇಲ್ಲದ ದಿನ

ಸಾಗರದ ಶಾಲೆಯೊಂದರಿಂದ ನಿವೃತ್ತರಾದ ಯಜ್ಞನಾರಾಯಣ ಮೇಷ್ಟ್ರು ಯಮುನಮ್ಮನನ್ನು ಮೊದಲು ಕಂಡದ್ದು, ತೀರ್ಥಹಳ್ಳಿಯ ಬಸ್ಸು ತಪ್ಪಿ ಕೋಣಂದೂರಿನಲ್ಲಿ ಉಳಿದುಹೋದ ದಿನ. ಹೊಟ್ಟೆ ಹಸಿದಿತ್ತು. ಬಸ್ ನಿಲ್ದಾಣದ ಹಿಂದಿನ ಮೆಸ್ಸಿಗೆ ಹೋಗಿ ಬಾಳೆಲೆಯ ಮುಂದೆ ಕುಳಿತರು. ಅವರ ಕೊಡೆಯನ್ನೂ ಜೇಬಿನ ಪೆನ್ನನ್ನೂ ನೋಡಿಯೇ ಕಸುಬನ್ನು ಊಹಿಸಿದ ಹೆಂಗಸೊಬ್ಬಳು ಸೌಟು ಹಿಡಿದು ಬಾಗಿದಳು.

"ವಾಸಪ್ಪನ್ನ ಬಡಿಸ್ಲಾ ಮೇಷ್ಟ್ರೇ?"

ಮೇಷ್ಟ್ರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಪಕ್ಕದಲ್ಲಿ ಉಣ್ಣುತ್ತಿದ್ದ ಮೀಸೆಯವನು ನಕ್ಕ.

"ಹಾಕಿಸ್ಕಳಿ. ವಾಸಪ್ಪ ಅಂದ್ರೆ ನಾನೇ. ಹುಳಿಗೆ ಹಾಕಿದ್ದು ನಮ್ಮನೆ ಸೌತೆಕಾಯಿ."

ಮೆಸ್ಸು ನಡೆಸುವ ಯಮುನಮ್ಮನ ಪದ್ಧತಿಯೇ ಹಾಗೆ. ಪದಾರ್ಥದ ಹೆಸರನ್ನು ಆಕೆ ಹೇಳಳು. ಬೆಳೆದವರ ಹೆಸರನ್ನು ಹೇಳಿ ಬಡಿಸುವಳು. "ಇವತ್ತು ಶೇಷಮ್ಮ ಸ್ವಲ್ಪ ಖಾರ, ಮಜ್ಜಿಗೆ ಜತೆಗೆ ಉಣ್ಣಿ," ಎಂದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಮೇಷ್ಟ್ರು ಮುಂದಿನ ಬಸ್ಸನ್ನೂ ತಪ್ಪಿಸಿಕೊಂಡು, ಇದೇಕೆ ಹೀಗೆಂದು ಕೇಳಿದರು.

"ಮದುವೆ ಮನೆಗಳಲ್ಲಿ ಅಡಿಗೆ ಮಾಡ್ತಿದ್ದೆ. ಲಾರಿಲಿ ಬಂದ ಮೂಟೆ ಬಿಚ್ಚಿದ್ರೆ ಅರ್ಧ ಸೌತೆಕಾಯಿ ಕಹಿ. ಬೈಯೋಣ ಅಂದ್ರೆ ಯಾರನ್ನ ಬೈಲಿ? ಕಹಿ ಆದ್ರೆ ಬೈಯಕ್ಕೆ ಎದುರಿಗೆ ಒಬ್ರು ಬೇಕಲ್ಲ ಮೇಷ್ಟ್ರೇ."

ಅಂದಿನಿಂದ ವಾರಕ್ಕೊಮ್ಮೆಯಾದರೂ ಮೇಷ್ಟ್ರಿಗೆ ಕೋಣಂದೂರಿನಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಬೆಳೆದವರೂ ತಮ್ಮ ತರಕಾರಿಯ ದಿನ ಊಟಕ್ಕೆ ತಪ್ಪದೆ ಬರುತ್ತಿದ್ದರು. ಹಸಿವಿಗಲ್ಲ, ಹೆಸರು ಕೇಳಲು. ಬದನೆಯ ಶೇಷಮ್ಮನಂತೂ ಎಣ್ಣೆಗಾಯಿಯ ದಿನ ಹೊಸ ಸೀರೆಯನ್ನೇ ಉಟ್ಟು ಬರುವಳು. ಪಂಕ್ತಿಯಲ್ಲಿ ವಾಸಪ್ಪನ ಎದುರಿಗೇ ಕೂರುವಳು.

ಮುಂಗಾರಿನ ಆರಂಭದಲ್ಲಿ ಒಂದು ದಿನ ಮೇಷ್ಟ್ರು ಊಟದ ಹೊತ್ತಿಗೆ ಮೊದಲೇ ಬಂದಾಗ ಯಮುನಮ್ಮ ಅವರನ್ನು ಅಡಿಗೆಮನೆಗೆ ಕರೆದಳು. ಮುಂದೆ ಶೇಷಮ್ಮ ಕಳಿಸಿದ ಬದನೆಯ ಬುಟ್ಟಿ. ಒಂದೇ ಅಳತೆ, ಒಂದೇ ಹೊಳಪು. ಕವಾಯತಿಗೆ ನಿಂತ ಪೊಲೀಸರಂತಿದ್ದವು.

"ಅರ್ಧ ಬುಟ್ಟಿ ಹೆಚ್ಚಿದೆ, ಒಂದ್ರಲ್ಲೂ ಹುಳ ಇಲ್ಲ. ಇದು ಶೇಷಮ್ಮನ ಬದ್ನೆ ಅಲ್ಲ. ಅವಳ ಹಿತ್ಲಿನ ಹುಳಾನ ನಾನು ಕಾಣ್ದೋಳಾ?"

"ಹಾಗಾದರೆ ಇವತ್ತು ಏನೆಂದು ಬಡಿಸುತ್ತೀರಿ?"

ಯಮುನಮ್ಮ ಮತ್ತೊಂದು ಬದನೆಯನ್ನು ಸೀಳಿ ನೋಡಿದಳು. ಶೇಷಮ್ಮನ ಹೆಸರು ಹೇಳಿದರೆ ತನ್ನ ಮಾತು ಸುಳ್ಳು. ಹೇಳದಿದ್ದರೆ ಹೊಸ ಸೀರೆ ಉಟ್ಟು ಬರುವವಳ ಮುಖ ಸಣ್ಣದಾಗುವುದು.

ಪಂಕ್ತಿ ಕೂತಿತು. ಆಕೆ ಎಣ್ಣೆಗಾಯಿಯ ಪಾತ್ರೆ ತಂದು, "ಬದ್ನೆಕಾಯಿ," ಎಂದಷ್ಟೇ ಹೇಳಿದಳು.

"ಯಾರ್ದು?" ಎಂದ ವಾಸಪ್ಪ.

"ಗೊತ್ತಿಲ್ಲ."

ಪಂಕ್ತಿಯ ಉದ್ದಕ್ಕೂ ಎಲ್ಲರ ಎಡಗೈಗಳು ಎಲೆಗಳಿಗೆ ಅಡ್ಡ ಬಂದವು. ಯಮುನಮ್ಮ ಪಾತ್ರೆ ಹಿಡಿದು ನಿಂತೇ ಇದ್ದಳು. ಕೊನೆಗೆ ಶೇಷಮ್ಮನೇ ತಡೆಯಲಾರದೆ ಬಾಯಿ ಬಿಟ್ಟಳು.

"ಮಂಗ ಒಂದ್ ಗಿಡಾನೂ ಬಿಡ್ಲಿಲ್ಲ ಯಮುನಕ್ಕ. ತೀರ್ಥಳ್ಳಿ ಅಂಗಡಿಯಿಂದ ತಂದೆ. ನನ್ನ ಹೆಸರು ಬಿಟ್ಟೋದ್ರೆ ಇಲ್ಲಿ ಈ ವಾಸಪ್ಪನದೇ ದರ್ಬಾರು."

"ಮಂಗ ತಿಂತು ಅಂತ ಹೇಳಕ್ಕೆ ಎಂತ ನಾಚಿಕೆ ಮಾರಾಯ್ತಿ? ಮಂಗ ನಿನ್ನ ನೆಂಟನಾ?" ಎಂದ ವಾಸಪ್ಪ.

"ನೀ ಸುಮ್ನೆ ಉಣ್ಣು," ಎಂದು ಅವನನ್ನು ಗದರಿ, ಯಮುನಮ್ಮ ಶೇಷಮ್ಮನ ಕಡೆ ತಿರುಗಿದಳು. "ಮಂಗ ಮುಟ್ಟದೇ ಇರೋದು ಹಿತ್ಲಲ್ಲಿ ಏನೂ ಇಲ್ವನೇ?"

"ಕೆಸ ಇದೆ. ತುರಿಸತ್ತೆ ಅಂತ ಮಂಗಾನೂ ಮೂಸಲ್ಲ."

"ನಾಳೆ ಅದನ್ನೇ ತಾ. ಇವತ್ತು ತಂದಿದ್ದನ್ನ ತಂದವಳೇ ಉಣ್ಣು." ಹೀಗೆಂದು ಎರಡು ಸೌಟು ಎಣ್ಣೆಗಾಯಿಯನ್ನು ಶೇಷಮ್ಮನ ಎಲೆಗೆ ಸುರಿದಳು. ಶೇಷಮ್ಮ ತಲೆ ತಗ್ಗಿಸಿ ಉಂಡಳು. ರುಚಿಯಾಗಿಯೇ ಇತ್ತೆಂದು ಆಮೇಲೆ ಮೇಷ್ಟ್ರ ಕಿವಿಯಲ್ಲಿ ಮಾತ್ರ ಹೇಳಿದಳು.

ಮರುದಿನ ಎಲೆಗೆ ಕೆಸವಿನ ಸೊಪ್ಪನ್ನು ಬೇಯಿಸಿ ಮಾಡಿದ ಕರಕಲಿ ಬಂತು. "ಶೇಷಮ್ಮ ಹಾಕ್ಲಾ?" ಎಂಬ ಕೂಗು ಬೀದಿಯವರೆಗೂ ಕೇಳಿತು. ಸಂಜೆಯವರೆಗೂ ವಾಸಪ್ಪನ ಗಂಟಲು ತುರಿಸಿತು. ಬೈಯಲು ಶೇಷಮ್ಮ ಎದುರಿಗೇ ಇದ್ದಳು. ಅವನು ತೃಪ್ತಿಯಾಗುವಷ್ಟು ಬೈದ.

ಸೇಡು ತೀರಿಸಿಕೊಳ್ಳಲೆಂದೇ ಇರಬೇಕು, ಮುಂದಿನ ವಾರ ಅವನು ಎಲೆಯ ತುದಿ ತೋರಿಸಿ, "ಈ ಉಪ್ಪು ಯಾರ್ದು ಯಮುನಕ್ಕ?" ಎಂದು ಕೇಳಿದ. ಆಕೆ ಒಳಗೆ ಹೋಗಿ ಉಪ್ಪಿನ ಪೊಟ್ಟಣ ತಿರುಗಿಸಿ ನೋಡಿದಳು, ಅದರ ಮೇಲೆ ಕಂಪನಿಯ ಹೆಸರಷ್ಟೇ ಇತ್ತು.

ಈಗ ಯಮುನಮ್ಮ ಉಪ್ಪನ್ನು ಮಾತಿಲ್ಲದೆ ಬಡಿಸುತ್ತಾಳೆ. ಗೋಕರ್ಣದ ಕಡೆ ಉಪ್ಪಿನ ಗದ್ದೆಗಳಿವೆ ಎಂದು ಮೇಷ್ಟ್ರು ಹೇಳಿದ ಮೇಲೆ, ಅಲ್ಲಿಗೆ ಹೋಗಿ ಉಪ್ಪು ತೆಗೆಯುವವರ ಹೆಸರು ಕೇಳಿ ಬರಲು ಶೇಷಮ್ಮನ ಜತೆ ಹೊರಡುವ ಸನ್ನಾಹದಲ್ಲಿದ್ದಾಳೆ. ಅವರಿಬ್ಬರು ಬರುವತನಕ ಶೇಷಮ್ಮನ ಹಿತ್ತಲಿನ ಮಂಗಗಳನ್ನು ಓಡಿಸುವ ಹೊಣೆ ವಾಸಪ್ಪನದು.