ಬಿಳಿ ಮೊಸಾಯಿಕ್ ಮೇಲೆ ಒಂಬತ್ತು ಹೆಜ್ಜೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ತ್ಯಾಗರಾಜನಗರದ ಒಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ನೆಲ ಬಿರುಕುಬಿಟ್ಟು ಇರುವೆಗಳ ಪಾಲಾಗಿತ್ತು. ನಮ್ಮ ಖರ್ಚಿನಲ್ಲೇ ಕೆಂಪು ಗಾರೆ ಹಾಕಿಸಿಕೊಳ್ಳುತ್ತೇವೆಂದು ಅಪ್ಪ ಕೇಳಿದಾಗ, ಮುಂಭಾಗದಲ್ಲಿದ್ದ ಮನೆಯೊಡತಿ ಒಪ್ಪಿದರು. ಆದರೆ ನಮ್ಮ ಅಡುಗೆಮನೆಯಿಂದ ಕೋಣೆಯ ಬಾಗಿಲನ್ನು ದಾಟಿ ಬಚ್ಚಲಿಗೆ ಹೋಗುವ ಪ್ಯಾಸೇಜಿಗೆ ಅವರು ಆಗಷ್ಟೇ ಬಿಳಿ ಮೊಸಾಯಿಕ್ ಹಾಕಿಸಿದ್ದರು. ಮುಂದಿನ ತಿಂಗಳು ಅವರ ಮಗಳ ಮದುವೆ.

"ಅದರ ಮೇಲೆ ಒಂದು ಕಲೆ ಬಿದ್ರೂ ನೀವು ಬೇರೆ ಮನೆ ನೋಡ್ಕೋಬೇಕಾಗತ್ತೆ" ಎಂದರು. ದನಿ ಏರಿಸಲಿಲ್ಲ. ಅದಕ್ಕೇ ಅಪ್ಪ ಹೆದರಿದರು. ಅಜ್ಜಿಯ ಮೊಣಕಾಲಿಗೆ ಒಗ್ಗುವಂತೆ ಮೆಟ್ಟಿಲಿಲ್ಲದ ಮನೆ ಇನ್ನೊಂದು ಸಿಕ್ಕುವುದು ಕಷ್ಟವಾಗಿತ್ತು. ಅಜ್ಜಿಗೆ ಈ ಮಾತು ತಿಳಿಸಬಾರದೆಂದೂ ಅಪ್ಪ ನನಗೆ ಹೇಳಿದರು.

ಪ್ಯಾಸೇಜನ್ನು ಕಾಪಾಡುವ ಕೆಲಸ ನನ್ನದಾಯಿತು. ಆಗ ಎಂ.ಎಸ್ಸಿ. ಓದುತ್ತಿದ್ದೆ. ಹಳೆಯ ಪೇಪರುಗಳನ್ನು ಮೂರು ಪದರ ಹಾಸಿ, ಅಂಚುಗಳನ್ನು ಮೈದಾ ಅಂಟಿನಿಂದ ಒಂದಕ್ಕೊಂದು ಸೇರಿಸಿದೆ. ಕೋಣೆಯ ಸುಣ್ಣದ ಗೋಡೆಗೂ ಮೊಣಕಾಲೆತ್ತರ ಅಂಟಿಸಿದೆ. ಸಿಡಿದ ಬಣ್ಣ ಒರೆಸಿದರೆ ಹೋಗಲೆಂದು ಬಾಗಿಲ ಚೌಕಟ್ಟಿಗೆ ಹರಳೆಣ್ಣೆ ಸವರಿದೆ.

ಗಾರೆ ಹಾಕಲು ಬಂದ ಮೇಸ್ತ್ರಿ ನೋಡಿ ನಕ್ಕರು. "ಏನಮ್ಮಾ, ಸ್ಕೂಲ್ ಪುಸ್ತಕಕ್ಕೆ ಬೈಂಡ್ ಹಾಕ್ದಂಗೆ ಹಾಕ್ಬಿಟ್ಟಿದೀರ!"

ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅದನ್ನು ಮೆಚ್ಚುಗೆ ಎಂದುಕೊಂಡು ನಾನು ಕಾಲೇಜಿಗೆ ಹೋದೆ.

ಮೂರು ಗಂಟೆಗೆ ಬಂದಾಗ ಪೇಪರುಗಳೆಲ್ಲ ಅಚ್ಚುಕಟ್ಟಾಗಿ ಮಡಿಚಿಕೊಂಡು ಕಿಟಕಿಯ ಮೇಲೆ ಕೂತಿದ್ದವು. ಕೋಣೆಯ ಬಾಗಿಲಿಂದ ಅಡುಗೆಮನೆಯವರೆಗೆ ಬಿಳಿ ನೆಲದ ಮೇಲೆ ಒಂಬತ್ತು ಕೆಂಪು ಹೆಜ್ಜೆ. ಅಜ್ಜಿ ಸ್ನಾನ ಮುಗಿಸಿ, ಒದ್ದೆಗಾಲಲ್ಲಿ, ಕೋಣೆಯ ಬಾಗಿಲಲ್ಲಿ ಬಣ್ಣ ಕಲಸಿದ್ದ ಬಾಂಡ್ಲಿಯ ಪಕ್ಕ ಚೆಲ್ಲಿದ್ದ ಕೆಂಪು ಪುಡಿಯನ್ನು ತುಳಿದುಕೊಂಡು ಬಂದಿದ್ದರು. ಒಳಗೆ ಬಗ್ಗಿ ಕರಣೆ ಎಳೆಯುತ್ತಿದ್ದ ಮೇಸ್ತ್ರಿಗೆ ಕಂಡಿರಲಿಲ್ಲ.

"ಪೇಪರ್ ಯಾಕೆ ತೆಗೆದ್ರಿ ಅಜ್ಜಿ?"

"ಅಕ್ಷರ ತುಳ್ಕೊಂಡು ಬಚ್ಚಲಿಗೆ ಹೋಗು ಅಂತೀಯಾ? ಸರಸ್ವತಿ ಕಣೇ ಅದು. ಇಷ್ಟು ಓದಿದೀಯ, ನಾನು ಹೇಳ್ಬೇಕಾ ನಿಂಗೆ?"

ಪುಸ್ತಕಕ್ಕೆ ಕಾಲು ತಗುಲಿದರೆ ನಾನೂ ಕಣ್ಣಿಗೊತ್ತಿಕೊಳ್ಳುವವಳೇ. ನೀರು, ಸಿಮೆಂಟು, ಎಣ್ಣೆ ಎಲ್ಲವನ್ನೂ ಯೋಚಿಸಿದವಳಿಗೆ ಇದು ಹೊಳೆದಿರಲಿಲ್ಲ.

ಬಕೆಟ್ ಎತ್ತಿಕೊಂಡೆ. ಸದ್ದು ಕೇಳಿ ಮೇಸ್ತ್ರಿ ಒಳಗಿಂದಲೇ ಕೂಗಿದರು: "ನೀರ್ ಹಾಕ್ಬೇಡಿ! ಹಾಕಿದ್ರೆ ಪ್ಯಾಸೇಜೆಲ್ಲಾ ಕೆಂಪಾಗೋಗತ್ತೆ."

ಅವರು ಹೇಳಿದಂತೆ ಮೊದಲು ಒಣ ಬಟ್ಟೆಯಿಂದ ಪುಡಿ ತೆಗೆದೆ. ಆಮೇಲೆ ಸೀಮೆಎಣ್ಣೆಯಲ್ಲಿ ನೆನೆಸಿದ ಮರದ ಹೊಟ್ಟಿನಿಂದ ಒಂದೊಂದೇ ಹೆಜ್ಜೆ ಉಜ್ಜಿದೆ. ಎಂಟು ಹೋದವು. ಕೋಣೆಯ ಬಾಗಿಲ ಬಳಿ ಅಜ್ಜಿ ಕಾಲೂರಿ ನಿಂತಿದ್ದ ಹೆಜ್ಜೆ ತಿಳಿಗೆಂಪಾಗಿ ಉಳಿಯಿತು.

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಆರಿಸಿಕೊಂಡು ಮನೆಯೊಡತಿ ಸಂಜೆ ಬಂದರು. ಅವರೇ ಕಾಣುವ ಮೊದಲು ಗೇಟಿನ ಬಳಿಯೇ ವಿಷಯ ಹೇಳಿ, ಕರೆದುಕೊಂಡು ಹೋಗಿ ತೋರಿಸಿದೆ. "ನಾನೇ ತುಳಿದಿದ್ದು" ಎಂದೆ.

ಅವರು ಹೆಜ್ಜೆ ನೋಡಿದರು, ನನ್ನ ಪಾದ ನೋಡಿದರು. "ಇದು ನಿನ್ನ ಕಾಲಲ್ಲ. ಪೇಪರ್ ಹಾಸಿದ್ಯಲ್ಲ, ಏನಾಯ್ತು?"

"ಅಜ್ಜಿ ತೆಗೆದ್ರು. ಅಕ್ಷರ ತುಳೀಬಾರ್ದು ಅಂತ."

ಅವರು ಬಗ್ಗಿ ಹೆಜ್ಜೆಯನ್ನು ಬೆರಳಿಂದ ಉಜ್ಜಿ ನೋಡಿದರು. "ನಾನಾಗಿದ್ರೂ ತೆಗೀತಿದ್ದೆ. ಗೋಣಿಚೀಲ ಹಾಸಕ್ಕೇನಾಗಿತ್ತು ನಿಂಗೆ?"

"ಮನೆ ವಿಷಯ ಅಪ್ಪಂಗೆ ಏನು ಹೇಳ್ಲಿ?"

"ಮದುವೆ ದಿನ ಅಲ್ಲಿ ಜಮಖಾನ ಬೀಳತ್ತೆ, ಯಾರಿಗೂ ಕಾಣಲ್ಲ. ಇದ್ದಲ್ಲೇ ಇರಿ ಅಂತ ಹೇಳು. ಇನ್ನೊಂದು ಬಿದ್ರೆ ಮಾತ್ರ ನಾನು ಸುಮ್ನಿರಲ್ಲ."

ಉಗ್ರಾಣದಿಂದ ನಾಲ್ಕು ಗೋಣಿಚೀಲ ತಂದುಕೊಟ್ಟರು. ಅವುಗಳ ಮೇಲೆ ಅಕ್ಕಿ ಗಿರಣಿಯ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮರುದಿನ ಬೆಳಿಗ್ಗೆ, ಮೇಸ್ತ್ರಿ ಬರುವ ಮೊದಲು, ಒಳಮಗ್ಗುಲನ್ನು ಹೊರಗೆ ಮಾಡಿ ಹಾಸಿದೆ. ಅಜ್ಜಿ ಟವೆಲು ಹಿಡಿದುಕೊಂಡು ಅದರ ಮೇಲೆ ನಡೆದು ಬಚ್ಚಲಿಗೆ ಹೋದರು.