ಮೀಸೆ ಮುರಿದ ಎಲೆಮಿಡತೆ

ಬೆಳಗ್ಗೆ ಏಳೂಕಾಲು. ಶಿಡ್ಲಘಟ್ಟದ ಹೊರಗಿರುವ ನಮ್ಮ ಮನೆಯ ಹಿಂದೆ, ರೇಷ್ಮೆ ಹುಳದ ಮನೆಯ ಮೆಟ್ಟಿಲ ಮೇಲೆ, ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೆ. ಎದುರಿಗೆ ಅಕ್ಕನ ಹಿಪ್ಪುನೇರಳೆ ತೋಟ, ಆಮೇಲೆ ಬದು, ಬದುವಿನಾಚೆ ಪಕ್ಕದ ಹೊಲದವರ ಹುರುಳಿಕಾಯಿ ಸಾಲು. ಗಾಳಿ ಆ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ತಂತಿಯ ಮೇಲೆ ಒಣಹಾಕಿದ್ದ ಟವೆಲ್ಲು ಮತ್ತೆ ಮತ್ತೆ ನನ್ನ ಮುಖಕ್ಕೆ ತಾಗುತ್ತಿದ್ದುದರಿಂದ ಇದು ನನಗೆ ಖಚಿತವಾಗಿ ನೆನಪಿದೆ.

ಒಳಗೆ ಹುಳು ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ತಲೆಯೆತ್ತಿ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಗೂಡು ಕಟ್ಟುವವರೆಗೆ ತಿನ್ನುವುದೊಂದೇ ಕೆಲಸ. ಆ ದಿನಗಳಲ್ಲಿ ಸೊಪ್ಪಿಗೆ ಕೀಟದ ಔಷಧಿ ತಗುಲಿದರೆ ಬೆಳೆ ಪೂರ್ತಿ ಹೋದಂತೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಮನೆಯ ಗೋಡೆಗೆ, ಪರದೆಗೆ, ಕರಿಬೇವಿನ ಗಿಡಕ್ಕೆ ಬರುವ ಎಲೆಮಿಡತೆಗಳ ಫೋಟೊ ತೆಗೆದು ಗುರುತು ಹಚ್ಚುವುದು ನನ್ನ ಹವ್ಯಾಸ. ಅಗಲ ರೆಕ್ಕೆಯಲ್ಲಿ ಎಲೆಯ ನರಗಳಂಥ ಗೆರೆಯಿರುವುದು ಒಂದು, ಮೂತಿ ಚೂಪಾಗಿ ಹುಲ್ಲಿನಲ್ಲಿ ಅಡಗುವುದು ಇನ್ನೊಂದು, ಬೆನ್ನ ಮೇಲೆ ಕಂದು ಪಟ್ಟೆಯಿರುವುದು ಮತ್ತೊಂದು. "ನನ್ನ ತಮ್ಮ ಮಿಡತೆಗೂ ಜಾತಿ ಕೇಳ್ತಾನೆ" ಎಂದು ಅಕ್ಕ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಕೇಳಿದವರಿಗೆ ನಾನು ಸುಲಭದ ಸೂತ್ರವೊಂದನ್ನು ಹೇಳಿಕೊಟ್ಟಿದ್ದೆ: ಮೀಸೆ ಮೈಗಿಂತ ಉದ್ದವಿದ್ದರೆ ಎಲೆಮಿಡತೆ, ಒಂದೆರಡು ಎಲೆ ಕಚ್ಚಿ ಹೋಗುತ್ತದೆ, ಮೀಸೆ ಗಿಡ್ಡವಿದ್ದರೆ ಬೇರೆ ಮಿಡತೆ, ಹಿಂಡು ಕಟ್ಟಿ ಬೆಳೆ ಮೇಯುವಂಥವು ಅದರಲ್ಲೇ ಇವೆ.

ಆ ವಾರ ಎಲ್ಲರ ಫೋನಿನಲ್ಲೂ ಮಿಡತೆ ಹಿಂಡಿನ ವಿಡಿಯೊ ಓಡಾಡುತ್ತಿತ್ತು. ಪಕ್ಕದ ಹೊಲದವರು ಬೆನ್ನಿಗೆ ಔಷಧಿ ಹೊಡೆಯುವ ಪೆಟ್ರೋಲ್ ಪಂಪು ಕಟ್ಟಿಕೊಂಡೇ ಬದು ದಾಟಿ ಬಂದರು. ಕೈಯಲ್ಲಿ ಪೇಡದ ಪಾರದರ್ಶಕ ಡಬ್ಬಿ, ಒಳಗೊಂದು ಮಿಡತೆ.

"ನೋಡಿ ಮೇಷ್ಟ್ರೇ, ಬಂದೇಬಿಡ್ತು. ಮೀಸೆ ಗಿಡ್ಡ. ನೀವೇ ಹೇಳಿದ್ದಲ್ವಾ?"

ಹಸಿರು ಮೈ, ಹಣೆಯ ಮೇಲೆ ಎರಡು ಗಿಡ್ಡ ಮೀಸೆ. ನಾನು ಹೌದೆಂದು ತಲೆ ಆಡಿಸಿದೆ.

ಅಕ್ಕ ಬದುವಿನ ಹತ್ತಿರ ಸೊಪ್ಪು ಕೊಯ್ಯುತ್ತಿದ್ದಳು. ಕುಡುಗೋಲು ಹಿಡಿದೇ ಕೂಗಿದಳು. "ಸರಿಯಾಗಿ ನೋಡಿದ್ಯೇನೋ? ಒಳಗೆ ಹುಳ ಐತೆ ಕಣಪ್ಪ!"

"ಅಯ್ಯೋ ತಂಗಿ, ಎರಡೇ ಸಾಲು ಹೊಡೀತೀನಮ್ಮ. ತಡ ಮಾಡಿದ್ರೆ ನಿನ್ನ ಸೊಪ್ಪನ್ನೂ ಬಿಡಲ್ಲ ಅವು" ಎಂದು ಅವರು ಡಬ್ಬಿಯನ್ನು ನನ್ನ ಕೈಗಿಟ್ಟು ಓಡಿದರು.

ಆಮೇಲೆ ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಎರಡು ಮೀಸೆಗಳೂ ಒಂದೇ ಉದ್ದವಿರಲಿಲ್ಲ. ಒಂದು ಅಕ್ಕಿಕಾಳಿನಷ್ಟು, ಇನ್ನೊಂದು ಅದರ ಅರ್ಧ. ತುದಿಗಳು ಕತ್ತರಿಸಿದಂತೆ ಮೊಂಡು. ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಕೂದಲಿನಂಥ ಎಳೆಯೊಂದು ಸಿಕ್ಕಿಕೊಂಡಿತ್ತು. ಮುಂಗಾಲು ನೋಡಿದೆ. ಮಂಡಿಯ ಕೆಳಗೆ ಸಣ್ಣ ಗುಂಡಿ, ಅದರ ಕಿವಿ. ಕಿವಿ ಕಾಲಿನಲ್ಲಿರುವುದು ಎಲೆಮಿಡತೆಗೆ. ಹೊಟ್ಟೆಯ ತುದಿಯಲ್ಲಿ ಮೊಟ್ಟೆಯಿಡುವ ಚಪ್ಪಟೆ ಕುಡುಗೋಲು. ರೆಕ್ಕೆಯ ನರ ಎಣಿಸಬಹುದಿತ್ತು. ನಮ್ಮ ಬಚ್ಚಲ ಗೋಡೆಯ ಮೇಲೆ ಎಷ್ಟೋ ಸಲ ಕೂತದ್ದೇ.

ಅಷ್ಟರಲ್ಲಿ ಮೋಟರು ಶುರುವಾಗಿತ್ತು.

"ಅದಲ್ಲ! ಅದಲ್ಲ!" ಎಂದು ಕಿರುಚಿದೆ. ಮೋಟರಿನ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಅಕ್ಕನಿಗೆ ಕೇಳಿತು. ಬದು ಹಾರಿ, ಸೆರಗು ಮೂಗಿಗೆ ಒತ್ತಿಕೊಂಡು ಪಂಪಿನ ಎದುರಿಗೇ ಹೋಗಿ ನಿಂತಳು. "ನಿಲ್ಸಣ್ಣಾ!"

ಅವರು ನಿಲ್ಲಿಸಿದರು. ಆ ವೇಳೆಗೆ ಒಂದೂವರೆ ಸಾಲು ಮುಗಿದಿತ್ತು. ಔಷಧಿಯ ವಾಸನೆ ನಾನು ನಿಂತಲ್ಲಿಗೂ ಬಂದಿತ್ತು.

ಕೊಯ್ದಿಟ್ಟ ಸೊಪ್ಪಿನ ಕುಕ್ಕೆ ಬದುವಿನ ಮೇಲೆ ತೆರೆದೇ ಇತ್ತು. ಅಕ್ಕ ಅದರಿಂದ ಒಂದು ಹಿಡಿ ತೆಗೆದು, ಹತ್ತು ಹುಳಗಳನ್ನು ಬೇರೆ ತಟ್ಟೆಗೆ ಹಾಕಿ, ಹೊರಗಡೆ ಜಗಲಿಯ ಮೇಲಿಟ್ಟು ತಿನ್ನಿಸಿದಳು. ನಾವು ಮೂವರೂ ಕೂತು ನೋಡಿದೆವು. ಮೊದಲು ಚೆನ್ನಾಗಿಯೇ ತಿಂದವು. ಒಂಬತ್ತೂವರೆಗೆ ಒಂದು ತಲೆಯೆತ್ತಿ ಅತ್ತಿತ್ತ ತೂಗತೊಡಗಿತು. ಬಾಯಿಂದ ಹಸಿರು ನೀರು ಬಂತು. ಹನ್ನೊಂದರ ಹೊತ್ತಿಗೆ ಹತ್ತೂ ಸತ್ತಿದ್ದವು.

ಕುಕ್ಕೆಯನ್ನು ಗುಂಡಿಗೆ ಸುರಿದೆವು. ಬದುವಿನ ಹತ್ತಿರದ ನಾಲ್ಕು ಸಾಲು ಮುಟ್ಟಲಿಲ್ಲ. ಪಶ್ಚಿಮದ ಸಾಲುಗಳ ಸೊಪ್ಪನ್ನೂ ಹಾಗೆಯೇ ಪರೀಕ್ಷಿಸಿದ ಮೇಲೆ ಒಳಗೆ ಕೊಟ್ಟೆವು. ಹುಳು ಉಳಿಯಿತು. ಆದರೆ ಮೇವು ಸಾಲದೆ ಗೂಡು ತೆಳ್ಳಗಾಯಿತು. ಅಕ್ಕ ಒಂದು ಗೂಡನ್ನು ಬೆರಳಲ್ಲಿ ಒತ್ತಿ ನೋಡಿದಳು.

ಪಕ್ಕದ ಹೊಲದವರು ಕೇಳಿದವರಿಗೆಲ್ಲ "ನಾನೇ ಆತುರ ಬಿದ್ದೆ, ಮೇಷ್ಟ್ರು ಬೇಡ ಅಂದ್ರು" ಎನ್ನುತ್ತಿದ್ದರು. ನಾನು ಎದುರಿಗಿದ್ದಾಗಲೂ ಹಾಗೇ ಹೇಳುತ್ತಿದ್ದರು. ನಾನು ತಿದ್ದಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ನಾನು ತಲೆ ಆಡಿಸಿದ್ದನ್ನು ಕಣ್ಣಾರೆ ಕಂಡು ಈಗ ಬದುಕಿರುವವಳು ಅಕ್ಕ ಒಬ್ಬಳೇ.